ಹಳೇ ಮಸ್ಟಾಂಗ್‌ಗೆ 5.0 ಇಂಜಿನ್: ಫ್ಲೈವೀಲ್ ಮತ್ತು ಕ್ರ್ಯಾಂಕ್ ಬ್ಯಾಲೆನ್ಸ್ ಹೊಂದಿಸುವ ಕ್ರಮ

ಇಂಜಿನ್ ಕೂತಿತು, ಸ್ಟಾರ್ಟ್ ಆಯಿತು, ಐಡಲ್‌ನಲ್ಲಿ ಏನೂ ತೊಂದರೆ ಇಲ್ಲ. ಆದರೆ 2000 ಆರ್‌ಪಿಎಂ ದಾಟಿತೋ ಇಲ್ಲವೋ, ಸೀಟು, ಸ್ಟೀರಿಂಗ್, ಒಳಗಿನ ಕನ್ನಡಿ ಎಲ್ಲ ನಡುಗುತ್ತವೆ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಗೆಳೆಯರಿಂದಲೇ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಎಲ್ಲರದ್ದೂ ಒಂದೇ ಕೆಲಸ: 1965ರಿಂದ 1973ರ ನಡುವಿನ ಒಂದು ಮಸ್ಟಾಂಗ್, ಅದರೊಳಗೆ 1986–93ರ ಮಸ್ಟಾಂಗ್‌ನಿಂದ ಇಳಿಸಿದ 5.0 ವಿ8. ಎಡವುವ ಜಾಗವೂ ಒಂದೇ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಹೊಸ ಇಂಜಿನ್‌ನದು, ಅದರ ಹಿಂದಿನ ತುದಿಯ ಭಾರದ ಚಕ್ರ ಫ್ಲೈವೀಲ್ ಅಥವಾ ಮುಂದಿನ ತುದಿಯ ಬ್ಯಾಲೆನ್ಸರ್ ಹಳೇ ಇಂಜಿನ್‌ನದು.

ಬೋಲ್ಟ್ ಕೂರುತ್ತದೆ, ಮೋಸ ಹೋಗುವುದೇ ಅಲ್ಲಿ. 289 ಇರಲಿ, ಹಳೇ 302 ಇರಲಿ, 5.0 ಇರಲಿ (289, 302 ಅನ್ನುವುದು ಫೋರ್ಡ್ ವಿ8ಗಳ ಕ್ಯೂಬಿಕ್ ಇಂಚಿನ ಅಳತೆ, 5.0 ಅಂದರೆ ಅದೇ 302, ಲೀಟರ್ ಲೆಕ್ಕದಲ್ಲಿ), ಕ್ರ್ಯಾಂಕ್‌ನ ಹಿಂದೆ 6 ಬೋಲ್ಟ್, 3 ಇಂಚಿನ ವೃತ್ತ. ಒಂದರ ಫ್ಲೈವೀಲ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಕೂತಿತಲ್ಲ ಅಂತ ನಾವು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಕೂರುವುದು ಬೇರೆ, ಹೊಂದುವುದು ಬೇರೆ.

ಇಡೀ ಕೆಲಸದಲ್ಲಿ ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಳ್ಳಿ. ಬ್ಯಾಲೆನ್ಸ್ ಎಷ್ಟು ಅಂತ ತೀರ್ಮಾನಿಸುವುದು ಕ್ರ್ಯಾಂಕ್. ಕಾರಿನ ವರ್ಷ ಅಲ್ಲ, ಬ್ಲಾಕ್ ಅಲ್ಲ, ನಿಮ್ಮ ಹತ್ತಿರ ಇರುವ ಪುಲ್ಲಿಯಂತೂ ಅಲ್ಲವೇ ಅಲ್ಲ. ಕ್ರ್ಯಾಂಕ್ ಏನು ಕೇಳುತ್ತದೋ ಅದನ್ನೇ ಮುಂದೆಯೂ ಹಿಂದೆಯೂ ಕೊಡಬೇಕು.

## 28 ಮತ್ತು 50 ಅಂದರೆ ಏನು

ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳ ತೂಕಕ್ಕೆ ಎದುರಾಗಿ ಬೇಕಾದ ಕೌಂಟರ್‌ವೇಟ್ ಪೂರ್ತಿ ಕ್ರ್ಯಾಂಕ್ ಮೇಲೇ ಇರುತ್ತದೆ. ಅಂಥ ಇಂಜಿನ್‌ನ ಫ್ಲೈವೀಲ್ ಯಾವ ಕಡೆಗೂ ಭಾರ ಇರುವುದಿಲ್ಲ, ಅದನ್ನು ನ್ಯೂಟ್ರಲ್ ಅನ್ನುತ್ತಾರೆ. ನಮ್ಮ 289, 302ಗಳು ಸೇರಿದ ಫೋರ್ಡ್ ಸ್ಮಾಲ್ ಬ್ಲಾಕ್ ವಿ8ಗಳು ಹಾಗಲ್ಲ. ಇಲ್ಲಿ ಕ್ರ್ಯಾಂಕ್ ಮೇಲಿನ ತೂಕ ಸ್ವಲ್ಪ ಕಡಿಮೆ ಬೀಳುತ್ತದೆ. ಆ ಕೊರತೆಯನ್ನು ಮುಂದೆ ಹಾರ್ಮೋನಿಕ್ ಬ್ಯಾಲೆನ್ಸರ್, ಹಿಂದೆ ಫ್ಲೈವೀಲ್ ತುಂಬಿಕೊಡುತ್ತವೆ. ಅಂದರೆ ಈ ಎರಡೂ ಬೇಕಂತಲೇ ಒಂದು ಪಕ್ಕಕ್ಕೆ ಭಾರ.

289, ಹಳೇ 302, ಮತ್ತು ಅದೇ ವಂಶದ ದೊಡ್ಡ ಇಂಜಿನ್ 351 ವಿಂಡ್ಸರ್‌ಗೆ ಈ ಭಾರ 28 ಔನ್ಸ್-ಇಂಚು. ಪಕ್ಕಾ ಲೆಕ್ಕದಲ್ಲಿ 28.2. 1980ರ ದಶಕದ ಶುರುವಿನಲ್ಲಿ 302ರ ಕ್ರ್ಯಾಂಕ್ ಹಗುರ ಆಯಿತು, ಹೊರಗಿನ ಭಾರ 50 ಔನ್ಸ್-ಇಂಚಿಗೆ ಏರಿತು. 351 ವಿಂಡ್ಸರ್ ಮಾತ್ರ ಕೊನೆಯವರೆಗೂ 28ರಲ್ಲೇ ಉಳಿಯಿತು. ಇದು ನೆನಪಿರಲಿ, ಏಕೆಂದರೆ 5.0 ಬಿಟ್ಟು 351 ಹಾಕುವವರು "ಹೊಸ ಇಂಜಿನ್ ಅಲ್ವಾ" ಅಂತ 50ರ ಫ್ಲೈವೀಲ್ ತಂದು ಹಾಕುತ್ತಾರೆ.

28 ಅಂದರೆ 28 ಔನ್ಸ್ ತೂಕದ ತುಂಡು ಅಂಟಿಸಿದ್ದಾರೆ ಅಂತಲ್ಲ. ತೂಕವನ್ನು ನಡುವಿನಿಂದ ಅದು ಇರುವ ದೂರದಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ನಡುವಿನಿಂದ 5 ಇಂಚು ದೂರದಲ್ಲಿ 5.6 ಔನ್ಸ್, ಅಂದರೆ ಸುಮಾರು 159 ಗ್ರಾಂ ಇದ್ದರೆ 28 ಆಯಿತು. ಅದೇ 5 ಇಂಚಿನಲ್ಲಿ 10 ಔನ್ಸ್, ಸುಮಾರು 284 ಗ್ರಾಂ ಇದ್ದರೆ 50.

ವ್ಯತ್ಯಾಸ 22 ಅಷ್ಟೇ ಅಲ್ವಾ ಅನ್ನಬೇಡಿ. ತಿರುಗುವ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಆ 22 ಔನ್ಸ್-ಇಂಚು 1000 ಆರ್‌ಪಿಎಂನಲ್ಲಿ ಕ್ರ್ಯಾಂಕನ್ನು ಸುಮಾರು 18 ಕೆ.ಜಿ. ಬಲದಲ್ಲಿ ಪಕ್ಕಕ್ಕೆ ಎಳೆಯುತ್ತದೆ. 3000ದಲ್ಲಿ ಅದೇ ಸುಮಾರು 160 ಕೆ.ಜಿ., 6000ದಲ್ಲಿ 640 ಕೆ.ಜಿ. ಹತ್ತಿರ. ಪ್ರತಿ ಸುತ್ತಿಗೂ, ಒಂದೇ ತುದಿಯಲ್ಲಿ. ಐಡಲ್‌ನಲ್ಲಿ ಸರಿ ಇದ್ದ ಗಾಡಿ ಹೈವೇಯಲ್ಲಿ ನಡುಗುವುದು ಇದಕ್ಕೇ.

## ಬೇಕಾದ ಸಾಮಾನು

ಟಾರ್ಕ್ ರೆಂಚ್, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಬೋಲ್ಟ್ ಹಾಕಿ ಎಳೆಯುವ ಬ್ಯಾಲೆನ್ಸರ್ ಪುಲ್ಲರ್, ಬ್ಯಾಲೆನ್ಸರ್ ಕೂರಿಸುವ ಟೂಲ್, ಪಿಸ್ಟನ್ ಸ್ಟಾಪ್, ಥ್ರೆಡ್ ಸೀಲರ್, ಬ್ರೇಕ್ ಕ್ಲೀನರ್. ಪುಲ್ಲರ್ ಮತ್ತು ಕೂರಿಸುವ ಟೂಲ್ ಎರಡನ್ನೂ ಅಮೆರಿಕದಲ್ಲಿ ಬಿಡಿಭಾಗದ ಅಂಗಡಿಗಳು ಬಾಡಿಗೆಗೆ ಕೊಡುತ್ತವೆ, ಕೊಳ್ಳಬೇಕಾಗಿಲ್ಲ.

ಇದರ ಜೊತೆ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಟೈರ್ ಅಂಗಡಿಯಲ್ಲಿ ಸಿಗುವ ಅಂಟಿಸುವ ತೂಕದ ಪಟ್ಟಿ, ನೇರ ಅಂಚಿನ ಎರಡು ಕಬ್ಬಿಣದ ಪಟ್ಟಿ, ಒಂದು ಸ್ಪಿರಿಟ್ ಲೆವೆಲ್ ತೆಗೆದಿಡಿ. ಇವು ಹಂತ 2ಕ್ಕೆ ಬೇಕು.

## ಹಂತ 1: ಮೊದಲು ಕ್ರ್ಯಾಂಕ್ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಮಾರಿದವರ ಮಾತು ಸಾಕ್ಷಿ ಅಲ್ಲ. "ಇದು 1989ರ ಮಸ್ಟಾಂಗ್ ಜಿಟಿಯಿಂದ ಇಳಿಸಿದ್ದು" ಅಂದರೆ ಇಂಜಿನ್ ಆ ಕಾರಿನೊಳಗೆ ಇತ್ತು ಅಂತ ಮಾತ್ರ ಅರ್ಥ. ಮಧ್ಯೆ 30 ವರ್ಷದಲ್ಲಿ ಯಾರು ಏನು ಬಿಚ್ಚಿದ್ದಾರೆ, ಏನು ಹಾಕಿದ್ದಾರೆ ಅಂತ ಹೇಳುವವರು ಇಲ್ಲ.

ಇಂಜಿನ್ ಹೊರಗೆ ಸ್ಟ್ಯಾಂಡ್ ಮೇಲೆ ಇರುವಾಗಲೇ ಆಯಿಲ್ ಪ್ಯಾನ್ ಬಿಚ್ಚಿ. ಹೇಗಿದ್ದರೂ ಪ್ಯಾಕಿಂಗ್ ಬದಲಿಸುತ್ತೀರಿ. ಕ್ರ್ಯಾಂಕ್‌ನ ಕೌಂಟರ್‌ವೇಟ್ ಮೇಲೆ ಎರಕದ ಗುರುತು ಕಾಣುತ್ತದೆ: 1ಎಂ ಅಂದರೆ 289, 2ಎಂ ಇಂದ ಶುರುವಾದರೆ 302, 3ಎಂ ಆದರೆ 351 ವಿಂಡ್ಸರ್. ಇಷ್ಟರಿಂದ ಯಾವ ಸ್ಟ್ರೋಕ್ ಅಂತ ಗೊತ್ತಾಯಿತು. ಆದರೆ 302ರ ಕ್ರ್ಯಾಂಕ್ 28ರದ್ದೋ 50ರದ್ದೋ ಅನ್ನುವುದನ್ನು ಈ ಒಂದು ಗುರುತಿನ ಮೇಲೆ ತೀರ್ಮಾನ ಮಾಡಬೇಡಿ.

ಆಮೇಲೆ ಕ್ರ್ಯಾಂಕ್‌ನ ಹಿಂದಿನ ತುದಿಯಲ್ಲಿ ಎಣ್ಣೆ ತಡೆಯುವ ಸೀಲ್ ನೋಡಿ. ರಿಯರ್ ಮೇನ್ ಸೀಲ್ ಎರಡು ತುಂಡಿನದಾದರೆ ಹಳೇ ಬ್ಲಾಕ್, ಒಂದೇ ಉಂಗುರದ್ದಾದರೆ 1983ರಿಂದ ಈಚೆಗಿನದು. ಒಂದೇ ಉಂಗುರದ ಸೀಲ್, ಕಂಪನಿಯ 302 ಕ್ರ್ಯಾಂಕ್, ಯಾರೂ ಬಿಚ್ಚಿಲ್ಲ ಅನ್ನುವ ಲಕ್ಷಣ, ಈ ಮೂರೂ ಇದ್ದರೆ 50 ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಎರಡು ತುಂಡಿನ ಸೀಲ್ ಇದ್ದು ಇಂಜಿನ್ 1980–82ರ ಸುಮಾರಿನದಾದರೆ ನಿಲ್ಲಿ. ಅದು ಬದಲಾವಣೆಯ ಕಾಲ. ಅಳೆಯದೆ ಏನೂ ಕೊಳ್ಳಬೇಡಿ.

ಇನ್ನೊಂದು ಬಲೆ ಸ್ಟ್ರೋಕರ್ ಕಿಟ್, ಅಂದರೆ ಬೇರೆ ಕ್ರ್ಯಾಂಕ್ ಹಾಕಿ ಇಂಜಿನ್‌ನ ಅಳತೆ ಹೆಚ್ಚಿಸುವ ಸೆಟ್. 302 ಬ್ಲಾಕ್‌ನಲ್ಲಿ 331 ಅಥವಾ 347 ಮಾಡಿದ್ದರೆ ಕ್ರ್ಯಾಂಕ್ ಹೊರಗಿನ ಕಂಪನಿಯದು. ಅದು 28 ಇರಬಹುದು, 50 ಇರಬಹುದು, ಒಳಗೇ ಬ್ಯಾಲೆನ್ಸ್ ಮಾಡಿದ್ದೂ ಇರಬಹುದು. ಬ್ಲಾಕ್ 1990ರದ್ದು ಅಂತ ಇಲ್ಲಿ 50 ಹಾಕಿದರೆ ಕೆಟ್ಟಿತು. ಕಿಟ್ ಜೊತೆ ಬಂದ ಬ್ಯಾಲೆನ್ಸ್ ಕಾರ್ಡ್ ಕೇಳಿ ಪಡೆಯಿರಿ. ಕಾರ್ಡ್ ಇಲ್ಲದಿದ್ದರೆ ಆ ಕ್ರ್ಯಾಂಕ್ ಬ್ಯಾಲೆನ್ಸಿಂಗ್ ಮೆಷಿನ್ ಹತ್ತಲೇಬೇಕು. ಬೇರೆ ದಾರಿ ಇಲ್ಲ.

## ಹಂತ 2: ಫ್ಲೈವೀಲನ್ನು ಕೈಯಲ್ಲೇ ಅಳೆಯಿರಿ

ನಾನು ಎಲ್ಲರಿಗೂ ಒತ್ತಾಯ ಮಾಡಿ ಹೇಳುವ ಹಂತ ಇದು. ಅರ್ಧ ಗಂಟೆ ಸಾಕು. ಡಬ್ಬದ ಮೇಲಿನ ಚೀಟಿ, ಮಾರಿದವರ ಫೋಟೋ, ಕಣ್ಣಂದಾಜು ಯಾವುದೂ ಇದಕ್ಕೆ ಸಮ ಅಲ್ಲ. ಹಳೇ ಫ್ಲೈವೀಲ್ ಆದರಂತೂ ಯಾರೋ ತೂತು ಕೊರೆದು ತೂಕ ತೆಗೆದಿರುತ್ತಾರೆ, ಅದು ಕಣ್ಣಿಗೆ ಗೊತ್ತಾಗುವುದಿಲ್ಲ.

ಫ್ಲೈವೀಲ್‌ನ ನಡುವಿನ ತೂತಿಗೆ ಬಿಗಿಯಾಗಿ ಕೂರುವ ಒಂದು ನೇರ ಕಂಬಿ ಬೇಕು. ಲೇತ್ ಇರುವವರ ಹತ್ತಿರ ತಿರುಗಿಸಿಕೊಂಡರೆ ಒಳ್ಳೆಯದು. ಎರಡು ಕಬ್ಬಿಣದ ಪಟ್ಟಿಗಳನ್ನು ಅಂಚು ಮೇಲೆ ಬರುವ ಹಾಗೆ ವೈಸ್‌ನಲ್ಲಿ ಹಿಡಿಸಿ, ಸ್ಪಿರಿಟ್ ಲೆವೆಲ್ ಇಟ್ಟು ಎರಡೂ ದಿಕ್ಕಿನಲ್ಲಿ ಸಮ ಮಾಡಿ. ಕಂಬಿಯ ಎರಡು ತುದಿ ಆ ಅಂಚುಗಳ ಮೇಲೆ ಕೂರಬೇಕು, ಫ್ಲೈವೀಲ್ ಮಧ್ಯದಲ್ಲಿ ತೂಗಬೇಕು. ಕಬ್ಬಿಣದ ಫ್ಲೈವೀಲ್ ಹತ್ತು ಕೆ.ಜಿ. ಸುಮಾರು ಇರುತ್ತದೆ, ಕೆಳಗೆ ಕಾಲು ಇಡಬೇಡಿ.

ಕೈ ಬಿಟ್ಟ ಕೂಡಲೇ ಅದು ನಿಧಾನವಾಗಿ ಹೊರಳಿ, ಆಚೆ ಈಚೆ ತೂಗಿ, ಭಾರದ ಪಕ್ಕ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ನೇರ ಎದುರಿಗೆ, ಮೇಲ್ಗಡೆ, ನಡುವಿನಿಂದ 5 ಇಂಚು ಅಳೆದು ಅಲ್ಲಿಗೆ ತೂಕದ ಪಟ್ಟಿ ಅಂಟಿಸುತ್ತಾ ಹೋಗಿ. ಪ್ರತಿ ಸಲ ಕಾಲು ಸುತ್ತು ತಿರುಗಿಸಿ ಬಿಡಿ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ಹಾಗಾದಾಗ ನಿಲ್ಲಿಸಿ, ಅಂಟಿಸಿದ್ದನ್ನೆಲ್ಲ ಬಿಡಿಸಿ ತಕ್ಕಡಿಗೆ ಹಾಕಿ.

160 ಗ್ರಾಂ ಆಸುಪಾಸು ಬಂದರೆ ಅದು 28ರ ಫ್ಲೈವೀಲ್. 280 ಆಸುಪಾಸು ಬಂದರೆ 50ರದ್ದು. ಏನೂ ಅಂಟಿಸದೆಯೇ ನಿಂತರೆ ನ್ಯೂಟ್ರಲ್. 5 ಇಂಚಿನಲ್ಲಿ ಜಾಗ ಇಲ್ಲದಿದ್ದರೆ ಬೇರೆ ದೂರ ತೆಗೆದುಕೊಳ್ಳಿ, ಔನ್ಸನ್ನು ಇಂಚಿನಿಂದ ಗುಣಿಸಿದರೆ ಆಯಿತು. ಒಂದು ಔನ್ಸ್ ಅಂದರೆ 28.35 ಗ್ರಾಂ. ಸಂಖ್ಯೆ 28ಕ್ಕೂ 50ಕ್ಕೂ ನಡುವೆ ಎಲ್ಲೋ, 38, 40 ಅಂತ ಬಂದರೆ ಯಾರೋ ಆ ಫ್ಲೈವೀಲ್ ಮೇಲೆ ಕೈ ಆಡಿಸಿದ್ದಾರೆ. ಅದನ್ನು ಪಕ್ಕಕ್ಕಿಡಿ.

ಈ ಅಳತೆ 0, 28, 50 ಯಾವುದು ಅಂತ ಹೇಳುವುದಕ್ಕೆ ಮಾತ್ರ. ಇದರಿಂದಲೇ ಬ್ಯಾಲೆನ್ಸ್ ಮಾಡಲು ಹೋಗಬೇಡಿ, ಅಷ್ಟು ಸೂಕ್ಷ್ಮ ಮನೆಯಲ್ಲಿ ಸಿಗುವುದಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವವರು ಫ್ಲೆಕ್ಸ್‌ಪ್ಲೇಟ್‌ಗೂ (ಅದರಲ್ಲಿ ಫ್ಲೈವೀಲ್ ಬದಲು ಇರುವ ತೆಳು ತಟ್ಟೆ) ಇದೇ ಪರೀಕ್ಷೆ ಮಾಡಿ, ಅದರಲ್ಲೂ 28, 50 ಎರಡೂ ಇವೆ.

ಅಂದ ಹಾಗೆ, ಬೆಂಗಳೂರು, ಮೈಸೂರು ಕಡೆ ಅಂಬಾಸಿಡರ್‌ಗೆ ಇಸುಜು 1.8 ಕೂರಿಸುವವರೂ ಈ ಪ್ರಶ್ನೆ ಕೇಳುತ್ತಾರೆ. ಸಾಲಾಗಿ 4 ಸಿಲಿಂಡರ್ ಇರುವ ಆ ಇಂಜಿನ್‌ಗಳಲ್ಲಿ 28, 50ರ ಲೆಕ್ಕವೇ ಇಲ್ಲ. ಫ್ಲೈವೀಲ್ ನ್ಯೂಟ್ರಲ್, ಈ ಪರೀಕ್ಷೆಯಲ್ಲಿ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಯಾವುದೋ ಕಾಲದಲ್ಲಿ ಲೇತ್‌ನಲ್ಲಿ ಓರೆಯಾಗಿ ಹೊಡೆದಿದ್ದಾರೆ ಅಂತ ಅರ್ಥ.

## ಹಂತ 3: ಮುಂದಿನ ಬ್ಯಾಲೆನ್ಸರ್, ಅಲ್ಲಿನ ಪುಲ್ಲಿ

ನಾನು ನೋಡಿದ ಹೆಚ್ಚಿನ ತಪ್ಪುಗಳು ಹಿಂದೆ ಅಲ್ಲ, ಇಲ್ಲಿ ಆಗಿವೆ. ನನ್ನದೂ ಇಲ್ಲೇ ಆಗಿದ್ದು.

ನನ್ನ ಕಾರು 1967ರ ಕೂಪೆ. ಮೂಲ ಇಂಜಿನ್ 289, ಅದರ ಬ್ಯಾಲೆನ್ಸರ್‌ಗೆ ಪುಲ್ಲಿ ಹಿಡಿಯುವ ಬೋಲ್ಟ್ 3. 5.0ದ ಬ್ಯಾಲೆನ್ಸರ್‌ಗೆ 4. 5.0ದಲ್ಲಿ ಒಂದೇ ಅಗಲ ಬೆಲ್ಟ್ ಎಲ್ಲವನ್ನೂ ತಿರುಗಿಸುತ್ತದೆ, ಅದರ ವಾಟರ್ ಪಂಪ್ ಉಲ್ಟಾ ತಿರುಗುತ್ತದೆ. ನನಗೆ ಹಳೇ ಕಾಲದ ವಿ-ಬೆಲ್ಟ್, ಹಳೇ ಆಲ್ಟರ್ನೇಟರ್ ಬ್ರಾಕೆಟ್ ಉಳಿಸಿಕೊಳ್ಳಬೇಕಿತ್ತು. ಟೈಮಿಂಗ್ ಕವರ್ ಹಳೇದು ಹಾಕಿದೆ, ವಾಟರ್ ಪಂಪ್ ಹಳೇದು ಹಾಕಿದೆ, ಅಲ್ಲಿಯವರೆಗೆ ಸರಿ. ಪುಲ್ಲಿ ಕೂರಲಿಲ್ಲ. 289ರ ಬ್ಯಾಲೆನ್ಸರ್ ಪಕ್ಕದಲ್ಲೇ ಬಿದ್ದಿತ್ತು, ಕ್ರ್ಯಾಂಕ್ ಮೂತಿಗೆ ಸರಿಯಾಗಿ ಕೂತಿತು, ಪುಲ್ಲಿಯೂ ಕೂತಿತು. ಹಿಂದೆ 50ರ ಫ್ಲೈವೀಲ್, ಮುಂದೆ 28ರ ಬ್ಯಾಲೆನ್ಸರ್. 2200 ಆರ್‌ಪಿಎಂನಲ್ಲಿ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ಹೆಡ್‌ಲೈಟ್ ಎರಡರ ಬದಲು ನಾಲ್ಕು ಕಾಣುತ್ತಿತ್ತು. ಇಂಜಿನ್ ಮೌಂಟ್ ಬದಲಿಸಿದೆ, ಪ್ರೊಪೆಲರ್ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ, ಹಣ ಹೋಯಿತು, ನಡುಕ ಹೋಗಲಿಲ್ಲ.

ಹಾಗಾಗಿ ಪುಲ್ಲಿಗೋಸ್ಕರ ಬ್ಯಾಲೆನ್ಸರ್ ಆರಿಸಬೇಡಿ. 3 ಬೋಲ್ಟಿನ ಪುಲ್ಲಿಗೆ ಹೊಂದುವ 50ರ ಬ್ಯಾಲೆನ್ಸರ್ ಹೊರಗಿನ ಕಂಪನಿಗಳು ಮಾಡುತ್ತವೆ. ಹೀಗೆ ಇಂಜಿನ್ ಬದಲಿಸುವವರಿಗಾಗಿಯೇ ಇರುವ ವಸ್ತು ಅದು. ಅದನ್ನೇ ತನ್ನಿ, ಇಲ್ಲವೇ 4 ಬೋಲ್ಟಿನ ಹಳೇ ಪುಲ್ಲಿ ಹುಡುಕಿ. ಪುಲ್ಲಿ ಸಾಲು ಹಿಂದುಮುಂದಾದರೆ ಸ್ಪೇಸರ್ ಹಾಕಿ ಸರಿ ಮಾಡಬಹುದು. ತೂಕ ತಪ್ಪಿದರೆ ಸ್ಪೇಸರ್‌ನಿಂದ ಸರಿ ಆಗುವುದಿಲ್ಲ.

ಬ್ಯಾಲೆನ್ಸರನ್ನೂ ಹಂತ 2ರ ಹಾಗೇ ಅಳೆಯಬಹುದು. ಇದು ಸಣ್ಣದು, 3 ಇಂಚು ದೂರ ತೆಗೆದುಕೊಂಡರೆ 28ಕ್ಕೆ ಸುಮಾರು 265 ಗ್ರಾಂ, 50ಕ್ಕೆ ಸುಮಾರು 472 ಗ್ರಾಂ ಬೇಕಾಗುತ್ತದೆ.

ಹಳೇ ಬ್ಯಾಲೆನ್ಸರ್ ಮತ್ತೆ ಹಾಕುವುದಾದರೆ ರಬ್ಬರ್ ನೋಡಿ. ಒಳಗಿನ ಹಬ್, ಹೊರಗಿನ ಉಂಗುರ, ಮಧ್ಯೆ ರಬ್ಬರ್ ಇರುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ, ಹೊರಗೆ ಉಬ್ಬಿದ್ದರೆ, ಉಂಗುರ ಮುಂದೆ ಸರಿದಂತೆ ಕಂಡರೆ ಎಸೆಯಿರಿ. ಸರಿ ಇದ್ದರೆ ಹಬ್‌ನಿಂದ ಉಂಗುರದವರೆಗೆ ಒಂದೇ ಬಣ್ಣದ ಗೆರೆ ಎಳೆಯಿರಿ. ತಿಂಗಳ ನಂತರ ಗೆರೆ ತುಂಡಾಗಿದ್ದರೆ ಉಂಗುರ ಜಾರಿದೆ ಅಂತ ಗೊತ್ತಾಗುತ್ತದೆ.

ಬಿಚ್ಚುವಾಗ ಮೂರು ಕೊಕ್ಕೆಯ ಪುಲ್ಲರ್‌ನಿಂದ ಹೊರ ಉಂಗುರ ಹಿಡಿದು ಎಳೆಯಬೇಡಿ, ರಬ್ಬರ್ ಅಲ್ಲೇ ಕಿತ್ತುಬರುತ್ತದೆ. ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ. ಹೊಡೆದ ಏಟು ನೇರ ಥ್ರಸ್ಟ್ ಬೇರಿಂಗ್‌ಗೆ ಹೋಗುತ್ತದೆ. ಬ್ಯಾಲೆನ್ಸರ್‌ನ ಬೋಲ್ಟನ್ನೇ ತಿರುಗಿಸಿ ಒಳಗೆಳೆಯುವುದೂ ತಪ್ಪು, ಕ್ರ್ಯಾಂಕ್ ಮೂತಿಯ ಥ್ರೆಡ್ ಕಿತ್ತುಹೋದರೆ ಇಡೀ ಕ್ರ್ಯಾಂಕ್ ಹೊರಗೆ ಬರಬೇಕಾಗುತ್ತದೆ.

## ಹಂತ 4: ಹಲ್ಲು, ಬೆಲ್‌ಹೌಸಿಂಗ್, ಸ್ಟಾರ್ಟರ್

ಬ್ಯಾಲೆನ್ಸ್ ಸರಿ ಇರುವ ಫ್ಲೈವೀಲ್ ಸಿಕ್ಕಿತು ಅಂತ ತಕ್ಷಣ ಕೊಳ್ಳಬೇಡಿ. ಫ್ಲೈವೀಲ್ ಅಂಚಿನ ಹಲ್ಲಿನ ಉಂಗುರ, ಅಂದರೆ ರಿಂಗ್ ಗೇರ್‌ನಲ್ಲಿ 157 ಹಲ್ಲು ಇರುವುದೂ ಇದೆ, 164 ಇರುವುದೂ ಇದೆ. ಹಲ್ಲು ಎಷ್ಟು ಅನ್ನುವುದು ಬೆಲ್‌ಹೌಸಿಂಗ್‌ಗೆ (ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕವಚ) ಹೊಂದಬೇಕು. ಬೆಲ್‌ಹೌಸಿಂಗ್ ಮತ್ತು ಬ್ಲಾಕ್ ನಡುವಿನ ತೆಳು ತಗಡಿನ ಪ್ಲೇಟ್ ಸಹ ಅದಕ್ಕೇ ಹೊಂದಬೇಕು, ಏಕೆಂದರೆ ಸ್ಟಾರ್ಟರ್ ಎಲ್ಲಿ ಕೂರಬೇಕು ಅಂತ ಹೇಳುವುದು ಆ ಪ್ಲೇಟು. ಮ್ಯಾನ್ಯುವಲ್ ಮತ್ತು ಆಟೊಮ್ಯಾಟಿಕ್ ಸ್ಟಾರ್ಟರ್‌ಗಳ ಮೂತಿಯ ಆಳವೂ ಬೇರೆ. 1964ರ ಮೊದಮೊದಲ ಮಸ್ಟಾಂಗ್ ಆದರೆ ಬೆಲ್‌ಹೌಸಿಂಗ್‌ಗೆ 5 ಬೋಲ್ಟ್, 5.0 ಬ್ಲಾಕ್‌ಗೆ 6. ಅದು ಕೂರುವುದೇ ಇಲ್ಲ, ಬೇರೆ ತರಬೇಕು.

ಪ್ರೆಷರ್ ಪ್ಲೇಟ್ ಬೋಲ್ಟ್ ಇಂಚಿನದೋ ಮಿಲಿಮೀಟರಿನದೋ ಕೈಯಲ್ಲಿ ತಿರುಗಿಸಿ ನೋಡಿ. 5/16 ಬೋಲ್ಟ್ ಎಂ8 ತೂತಿನಲ್ಲಿ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಥ್ರೆಡ್ ತಿನ್ನುತ್ತದೆ.

## ಹಂತ 5: ಮೆಷಿನ್ ಶಾಪ್‌ಗೆ ಯಾವಾಗ ಹೋಗಬೇಕು

ಕಂಪನಿಯ ಕ್ರ್ಯಾಂಕ್, ಕಂಪನಿಯ ಪಿಸ್ಟನ್, ರಾಡ್, ಅದಕ್ಕೆ ಹೊಂದುವ 50ರ ಜೋಡಿ: ಇಷ್ಟಿದ್ದರೆ ಹೋಗಬೇಕಾಗಿಲ್ಲ.

ಪಿಸ್ಟನ್ ಅಥವಾ ರಾಡ್ ಬದಲಿಸಿದ್ದರೆ, ಕ್ರ್ಯಾಂಕ್ ಯಾವುದು ಅಂತ ಗೊತ್ತಿಲ್ಲದಿದ್ದರೆ, ಸ್ಟ್ರೋಕರ್ ಆದರೆ ಹೋಗಲೇಬೇಕು. ಅಲ್ಲಿ ರಾಡ್ ಜರ್ನಲ್‌ಗಳ (ಕ್ರ್ಯಾಂಕ್‌ನಲ್ಲಿ ರಾಡ್ ಕೂರುವ ಜಾಗಗಳ) ಮೇಲೆ ಬಾಬ್‌ವೇಟ್ ಅಂತ ತೂಕ ಕಟ್ಟಿ ಕ್ರ್ಯಾಂಕ್ ತಿರುಗಿಸುತ್ತಾರೆ. 90 ಡಿಗ್ರಿ ವಿ8ಗೆ ಲೆಕ್ಕ ಹೀಗೆ: ತಿರುಗುವ ತೂಕ, ಅಂದರೆ ರಾಡ್‌ನ ದೊಡ್ಡ ತುದಿ, ಬೇರಿಂಗ್ ಪೂರ್ತಿ, ಮೇಲೆ ಕೆಳಗೆ ಓಡಾಡುವ ಪಿಸ್ಟನ್, ಪಿನ್, ರಿಂಗ್, ರಾಡ್‌ನ ಸಣ್ಣ ತುದಿ ಅರ್ಧ. ಒಂದು ಜರ್ನಲ್ ಮೇಲೆ ಎರಡು ರಾಡ್ ಇರುವುದರಿಂದ ಎಲ್ಲವೂ ಎರಡರಷ್ಟು, ಜೊತೆಗೆ ಎಣ್ಣೆಗೆ ಕೆಲವು ಗ್ರಾಂ. ಈ ಲೆಕ್ಕದ ಕಾಗದವನ್ನು ಕೇಳಿ ತೆಗೆದುಕೊಳ್ಳಿ. ಮುಂದೆ ಯಾವತ್ತಾದರೂ ಪಿಸ್ಟನ್ ಬದಲಿಸಿದಾಗ ಅದೇ ನಿಮ್ಮ ಆಧಾರ.

ಕೊಡುವಾಗ ಬರೀ ಕ್ರ್ಯಾಂಕ್ ಕೊಡಬೇಡಿ. ನೀವು ಹಾಕಲಿರುವ ಬ್ಯಾಲೆನ್ಸರ್, ಫ್ಲೈವೀಲ್, ಒಂದು ಸೆಟ್ ಪಿಸ್ಟನ್, ಪಿನ್, ರಿಂಗ್, ರಾಡ್, ಬೇರಿಂಗ್ ಎಲ್ಲವನ್ನೂ ಕೊಡಿ. ಇಷ್ಟೆಲ್ಲ ಬಿಚ್ಚಿದ್ದರೆ ಒಳಗೇ ಬ್ಯಾಲೆನ್ಸ್ ಮಾಡಿಸಬಹುದಾ ಅಂತ ಕೇಳುವವರಿದ್ದಾರೆ. ಮಾಡಿಸಬಹುದು. ಕೌಂಟರ್‌ವೇಟ್‌ನಲ್ಲಿ ತೂತು ಕೊರೆದು ಟಂಗ್‌ಸ್ಟನ್ ತುಂಬುತ್ತಾರೆ, ದುಬಾರಿ. ರಸ್ತೆಯಲ್ಲಿ ಓಡಿಸುವ ಕಾರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಎರಕದ ಕಬ್ಬಿಣದ ಫ್ಲೈವೀಲ್‌ಗೆ ತೂಕ ವೆಲ್ಡ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಅಂದರೆ ಫ್ಲೈವೀಲ್ ವಾಪಸ್ ತೆಗೆದುಕೊಂಡು ಬನ್ನಿ. ವೆಲ್ಡ್ ಪಕ್ಕ ಬಿರುಕು ಬರುತ್ತದೆ, ಅದು ಒಡೆದರೆ ನಿಮ್ಮ ಕಾಲಿನ ಹತ್ತಿರವೇ ಒಡೆಯುವುದು. 28, 50 ಎರಡಕ್ಕೂ ಬೋಲ್ಟ್ ಹಾಕುವ ತೂಕದ ಸಮೇತ ಬರುವ ಸ್ಟೀಲ್ ಫ್ಲೈವೀಲ್‌ಗಳಿವೆ, ಬದಲಿಸುವ ಯೋಚನೆ ಇದ್ದರೆ ಅವನ್ನು ನೋಡಿ.

## ಹಂತ 6: ಜೋಡಿಸುವ ಕ್ರಮ

ಕ್ರ್ಯಾಂಕ್ ಫ್ಲೇಂಜ್ ಮತ್ತು ಅದಕ್ಕೆ ತಾಗುವ ಫ್ಲೈವೀಲ್ ಮುಖ ಎರಡನ್ನೂ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಉಗುರಿನಿಂದ ಸವರಿ ನೋಡಿ, ಒಂದು ಸಣ್ಣ ಮುಳ್ಳು ಎದ್ದಿದ್ದರೂ ಫ್ಲೈವೀಲ್ ಓರೆ ಕೂರುತ್ತದೆ. ಆರು ಬೋಲ್ಟ್ ತೂತುಗಳ ಅಂತರ ಒಂದೇ ಸಮ ಇಲ್ಲ, ಫ್ಲೈವೀಲ್ ಒಂದೇ ರೀತಿ ಕೂರುತ್ತದೆ. ಐದು ಬೋಲ್ಟ್ ಹೋಗಿ ಆರನೆಯದು ಹೋಗದಿದ್ದರೆ ತೂತು ದೊಡ್ಡದು ಮಾಡಬೇಡಿ! ಬಿಚ್ಚಿ, ತಿರುಗಿಸಿ, ಸರಿಯಾದ ಜಾಗ ಹುಡುಕಿ.

ಬೋಲ್ಟ್ ತೂತುಗಳು ಒಳಗೆ ಇಂಜಿನ್‌ವರೆಗೂ ತೆರೆದಿವೆ. ಬೋಲ್ಟ್ ಥ್ರೆಡ್‌ಗೆ ಸೀಲರ್ ಹಚ್ಚದಿದ್ದರೆ ಎಣ್ಣೆ ಅಲ್ಲಿಂದ ಇಳಿದು ಕ್ಲಚ್ ಪ್ಲೇಟ್ ಸೇರುತ್ತದೆ, ನೀವು ಸೀಲ್ ಹೋಗಿದೆ ಅಂತ ಹುಡುಕುತ್ತಿರುತ್ತೀರಿ. 7/16 ಬೋಲ್ಟ್‌ಗಳನ್ನು ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಕೊನೆಯ ಬಿಗಿ 75ರಿಂದ 85 ಫುಟ್-ಪೌಂಡ್.

ಈಗ ಡಯಲ್ ಗೇಜ್. ಸ್ಟ್ಯಾಂಡನ್ನು ಬ್ಲಾಕ್‌ಗೆ ಹಿಡಿಸಿ, ಮುಳ್ಳನ್ನು ಕ್ಲಚ್ ಕೂರುವ ಮುಖಕ್ಕೆ ಮುಟ್ಟಿಸಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿ. ತಿರುಗಿಸುವಷ್ಟು ಹೊತ್ತೂ ಕ್ರ್ಯಾಂಕನ್ನು ಮುಂದಕ್ಕೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಎಂಡ್ ಪ್ಲೇ (ಕ್ರ್ಯಾಂಕ್ ಹಿಂದೆ ಮುಂದೆ ಆಡುವ ಸಡಿಲ) ಕೂಡ ಲೆಕ್ಕಕ್ಕೆ ಸೇರುತ್ತದೆ. 0.010 ಇಂಚಿಗಿಂತ ಜಾಸ್ತಿ ಆಡಿದರೆ ಬಿಚ್ಚಿ ಮತ್ತೆ ಒರೆಸಿ. ಬೆಲ್‌ಹೌಸಿಂಗ್ ಬರಿದೇ ಹಾಕಿ ಅದರ ನಡುವಿನ ತೂತನ್ನೂ ಹೀಗೇ ನೋಡಿ. ಅಲ್ಲಿ 0.005 ಇಂಚಿನ ಒಳಗೆ ಇರಬೇಕು. ಇದನ್ನು ಬಿಟ್ಟವರ ಟಿ-5 ಗೇರ್‌ಬಾಕ್ಸ್ ಬೇರಿಂಗ್ ಬೇಗ ಹೋಗುತ್ತದೆ.

ಆಮೇಲೆ ಪೈಲಟ್ ಬೇರಿಂಗ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್. ಮುಂದುಗಡೆ ಬ್ಯಾಲೆನ್ಸರ್ ಟೂಲ್‌ನಿಂದ ಕೂರಿಸಿ, ಬೋಲ್ಟ್ 70ರಿಂದ 90 ಫುಟ್-ಪೌಂಡ್. ಬ್ಯಾಲೆನ್ಸರ್ ಬದಲಾಗಿದ್ದರೆ ಟೈಮಿಂಗ್ ಗುರುತನ್ನು ನಂಬಬೇಡಿ. 5.0ದಲ್ಲಿ ಗುರುತು ತೋರಿಸುವ ಮುಳ್ಳಿನ ಜಾಗವೇ ಬೇರೆ. ಪಿಸ್ಟನ್ ಸ್ಟಾಪ್ ಹಾಕಿ ಒಂದನೇ ಸಿಲಿಂಡರ್‌ನ ಟಾಪ್ ಡೆಡ್ ಸೆಂಟರ್ (ಪಿಸ್ಟನ್ ಅತಿ ಮೇಲೆ ಇರುವ ಸ್ಥಾನ) ಹುಡುಕಿ ಹೊಸ ಗುರುತು ಹಾಕಿಕೊಳ್ಳಿ.

## ಹಂತ 7: ಸ್ಟಾರ್ಟ್ ಮಾಡಿ, ನಡುಕ ಎಲ್ಲಿಯದು ಅಂತ ತಿಳಿಯಿರಿ

ಮೊದಲು ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಕಿಡಿ ಪಡೆಯುವ ಕ್ರಮ. 289 ಮತ್ತು ಹಳೇ 302ಕ್ಕೆ 1-5-4-2-6-3-7-8. 5.0 ಎಚ್‌ಒಗೆ (ಹೈ ಔಟ್‌ಪುಟ್, ನಾವು ಹಾಕುತ್ತಿರುವ ಇಂಜಿನ್) 1-3-7-2-6-5-4-8. ಕೈ ಅಭ್ಯಾಸದಿಂದ ಹಳೇ ಕ್ರಮದಲ್ಲಿ ವೈರ್ ಹಾಕಿದರೆ 3, 4, 5, 7 ಈ ನಾಲ್ಕು ಸಿಲಿಂಡರ್ ತಪ್ಪು ಹೊತ್ತಿಗೆ ಕಿಡಿ ಪಡೆಯುತ್ತವೆ. ಇಂಜಿನ್ ಕೆಮ್ಮುತ್ತದೆ, ಕಾರ್ಬ್ಯುರೇಟರ್‌ನಿಂದ ಹೊಡೆಯುತ್ತದೆ, ವಿಪರೀತ ನಡುಗುತ್ತದೆ. ಇದನ್ನು ಬ್ಯಾಲೆನ್ಸ್ ತೊಂದರೆ ಅಂದುಕೊಂಡು ಇಂಜಿನ್ ಇಳಿಸಿದವರೂ ಇದ್ದಾರೆ. ಕ್ರಮ ತೀರ್ಮಾನಿಸುವುದು ಕ್ಯಾಮ್‌ಶಾಫ್ಟ್. ಕ್ಯಾಮ್ ಬದಲಿಸಿದ್ದರೆ ಅದರ ಕಾರ್ಡ್ ನೋಡಿ.

ಇಂಜಿನ್ ಬಿಸಿಯಾದ ಮೇಲೆ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, 1500, 2000, 2400, 3000 ಹೀಗೆ ಒಂದೊಂದೇ ಹಿಡಿದು ನೋಡಿ. ಅದಕ್ಕಿಂತ ಮೇಲೆ ಈಗಲೇ ಹೋಗಬೇಡಿ. ನಿಂತಲ್ಲೇ ನಡುಕ ಇದ್ದರೆ ಇಂಜಿನ್ ಕಡೆಯದು. ನಿಂತಲ್ಲಿ ಇಲ್ಲದೆ ರಸ್ತೆಯಲ್ಲಿ ಮಾತ್ರ ಬಂದರೆ, ಓಡುವಾಗ ನ್ಯೂಟ್ರಲ್‌ಗೆ ಹಾಕಿದರೂ ಉಳಿದರೆ, ಅದು ಪ್ರೊಪೆಲರ್ ಶಾಫ್ಟ್ ಅಥವಾ ಚಕ್ರ. ಕ್ಲಚ್ ತುಳಿದಾಗ ನಡುಕ ಬದಲಾದರೆ ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್ ಮೇಲೆ ಅನುಮಾನ ಪಡಿ.

ಇನ್ನೂ ಖಚಿತ ಬೇಕಾದರೆ ಫೋನ್ ಸಾಕು. ಕಂಪನ ಅಳೆಯುವ ಯಾವುದಾದರೂ ಆ್ಯಪ್ ಹಾಕಿಕೊಂಡು ಫೋನನ್ನು ಸೀಟಿನ ರೈಲ್‌ಗೆ ಗಟ್ಟಿಯಾಗಿ ಟೇಪ್ ಮಾಡಿ, 2400 ಆರ್‌ಪಿಎಂ ಹಿಡಿಯಿರಿ. 2400 ಅಂದರೆ ಸೆಕೆಂಡಿಗೆ 40 ಸುತ್ತು. ಬ್ಯಾಲೆನ್ಸ್ ತಪ್ಪಿದ್ದರೆ ಪ್ರತಿ ಸುತ್ತಿಗೆ ಒಂದು ಎಳೆತ, ಹಾಗಾಗಿ 40 ಹರ್ಟ್ಸ್‌ನಲ್ಲಿ ಶಿಖರ ಏಳುತ್ತದೆ. ಒಂದು ಸಿಲಿಂಡರ್ ಹೊತ್ತಿಕೊಳ್ಳದಿದ್ದರೆ ಅದು ಎರಡು ಸುತ್ತಿಗೊಮ್ಮೆ, 20 ಹರ್ಟ್ಸ್‌ನಲ್ಲಿ ಏಳುತ್ತದೆ. ಸರಿ ಇರುವ ವಿ8 40ರಲ್ಲಿ ಹೆಚ್ಚು ಕಡಿಮೆ ಸುಮ್ಮನಿರುತ್ತದೆ. ನನ್ನ ಕೂಪೆಯಲ್ಲಿ 40ರ ಮೇಲೆ ಕಂಬದ ಹಾಗೆ ಗೆರೆ ಎದ್ದು ನಿಂತಿತ್ತು. ಮುಂದಿನ ಬ್ಯಾಲೆನ್ಸರ್ ಒಂದನ್ನೇ 50ರದ್ದಕ್ಕೆ ಬದಲಿಸಿದೆ, ಅದೇ ಸಂಜೆ ಅದೇ ಆರ್‌ಪಿಎಂನಲ್ಲಿ ನೋಡಿದರೆ ಗೆರೆ ನೆಲಕ್ಕೆ ಕೂತಿತ್ತು.

## ತಪ್ಪು ಜೋಡಿಯಲ್ಲಿ ಈಗಾಗಲೇ ಓಡಿಸಿದ್ದರೆ

ಮೊದಲು ಓಡಿಸುವುದನ್ನು ನಿಲ್ಲಿಸಿ. ಭಾಗ ಬದಲಿಸಿದರೆ ನಡುಕ ನಿಲ್ಲುತ್ತದೆ, ಆಗಿರುವ ಸವೆತ ವಾಪಸ್ ಬರುವುದಿಲ್ಲ. ಒಂದೆರಡು ಸಲ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದರೆ ಹೆದರಬೇಡಿ. ನೂರಾರು ಮೈಲಿ ಓಡಿಸಿದ್ದರೆ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ಮಿನುಗು ಅಥವಾ ತಾಮ್ರದ ಚೂರು ಕಂಡರೆ ಬೇರಿಂಗ್ ತಿಂದಿದೆ.

ಆಯಿಲ್ ಪ್ಯಾನ್ ತೆಗೆದು, ತಪ್ಪು ಭಾಗ ಯಾವ ತುದಿಯಲ್ಲಿತ್ತೋ ಆ ತುದಿಯ ಮೇನ್ ಕ್ಯಾಪ್ (ಕ್ರ್ಯಾಂಕ್ ಬೇರಿಂಗನ್ನು ಹಿಡಿಯುವ ಮುಚ್ಚಳ) ಬಿಚ್ಚಿ. ಮುಂದಿನ ಬ್ಯಾಲೆನ್ಸರ್ ತಪ್ಪಿದ್ದರೆ ಒಂದನೇ ಕ್ಯಾಪ್, ಫ್ಲೈವೀಲ್ ತಪ್ಪಿದ್ದರೆ ಐದನೆಯದು. ಬೇರಿಂಗ್ ಶೆಲ್‌ನ ಬೂದು ಪದರ ಸವೆದು ಒಳಗಿನ ತಾಮ್ರ ಕಾಣುತ್ತಿದ್ದರೆ ಬೇರಿಂಗ್ ಸೆಟ್ ಪೂರ್ತಿ ಬದಲಿಸಿ, ಜರ್ನಲ್ ಮೈಕ್ರೋಮೀಟರ್‌ನಿಂದ ಅಳೆಸಿ. ಆಟೊಮ್ಯಾಟಿಕ್ ಆದರೆ ಫ್ಲೆಕ್ಸ್‌ಪ್ಲೇಟ್‌ನ ಬೋಲ್ಟ್ ತೂತುಗಳ ಸುತ್ತ ಬಿರುಕು ಹುಡುಕಿ, ಬೆರಳಿನಿಂದ ಅಲ್ಲ, ಟಾರ್ಚ್ ಹಿಡಿದು. ಫ್ಲೈವೀಲ್ ಬೋಲ್ಟ್‌ಗಳನ್ನು ಮತ್ತೆ ಬಳಸಬೇಡಿ, ಹೊಸ ಆರು ತನ್ನಿ. ನನ್ನ ಒಂದನೇ ಶೆಲ್‌ನಲ್ಲಿ ಅರ್ಧ ಬೆರಳಗಲ ತಾಮ್ರ ಕಂಡಿತ್ತು, ಜರ್ನಲ್‌ಗೆ ಏನೂ ಆಗಿರಲಿಲ್ಲ. ಹೊಸ ಶೆಲ್ ಹಾಕಿ ಮುಚ್ಚಿದೆ.